ಕಲ್ಮೇಶನಿಗೆ ಓದಿದ ಸಮುದ್ರ

“ಚಿತ್ರ ಬಿಟ್ರಿ.”

ಕಲ್ಮೇಶ ನನ್ನ ಮೇಲೆ ಹೊರಿಸಿದ ಮೊದಲ ದೂರು ಅದು. ಮಲ್ಲತ್ತಹಳ್ಳಿ ಕೆರೆ ದಂಡೆಯ ಬೆಂಚಿನಲ್ಲಿ ಕೂತು ಅವನಿಗೆ ಭೂಗೋಳ ಪುಸ್ತಕದ ಸಾಗರಗಳ ಅಧ್ಯಾಯ ಓದುತ್ತಿದ್ದೆ. ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಗದಗಿನಿಂದ ಬಂದು, ನಾಗರಬಾವಿಯಲ್ಲಿ ರೂಮು ಮಾಡಿಕೊಂಡು, ಪಿಯು ಉಪನ್ಯಾಸಕರ ಪರೀಕ್ಷೆಗೆ ಓದುತ್ತಿದ್ದ. ನಾನು ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರ್. ಕಣ್ಣು ಕಾಣದವರಿಗೆ ಓದಿ ಹೇಳುವವರು ಬೇಕೆಂದು ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೆಸೇಜು ನೋಡಿ ಹೋಗಿದ್ದೆ.

“ನಿಮಗೆ ಚಿತ್ರ ಯಾಕೆ ಅಂತ…”

“ಪರೀಕ್ಷೆದಾಗ ಕೇಳ್ತಾರ್ರೀ. ಹೇಳ್ರಿ, ಚಿತ್ರದಾಗ ಅಲಿ ಹೆಂಗೈತಿ?”

ನಾಚಿಕೆಯಾಯಿತು. ಅವನ ಅಂಗೈ ಹಿಡಿದು ಬೆರಳಿನಿಂದ ಒಂದು ಸುತ್ತು ಬರೆದೆ. “ಅಲೆ ಬಂತು ಅಂದ್ರೆ ನೀರು ಬಂತು ಅಂತಲ್ಲ. ನೀರು ಇದ್ದಲ್ಲೇ ಹೀಗೆ ಸುತ್ತುತ್ತೆ. ಮುಂದೆ ಹೋಗೋದು ಅದರ ಶಕ್ತಿ ಮಾತ್ರ.”

“ಕೆಳಗ?”

“ಆಳಕ್ಕೆ ಹೋದಂಗೆ ಸುತ್ತು ಸಣ್ಣದಾಗುತ್ತೆ.” ಸಣ್ಣದಾಗಿ, ಇನ್ನೂ ಸಣ್ಣದಾಗಿ ಬರೆಯುತ್ತಾ ಮಣಿಕಟ್ಟಿನ ಹತ್ತಿರ ಬಂದಿದ್ದೆ. ಅಲ್ಲಿ ಅವನ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಬೆರಳು ತೆಗೆಯಲಿಲ್ಲ.

ವಾರಕ್ಕೆ ಮೂರು ಸಂಜೆ ಓದಿದೆ. ಉಬ್ಬರವಿಳಿತದ ಪಾಠ ಮುಗಿದ ವಾರ ನಾನು ಮೂರು ದಿನವೂ ಲೇಟು. “ಉಬ್ಬರ ದಿನಾ ಐವತ್ತು ನಿಮಿಷ ತಡ ಆಗೂದು ಚಂದ್ರನ ಸಲುವಾಗಿ. ನಿಮ್ಮದು ಯಾರ ಸಲುವಾಗಿ?” ಎಂದು ತುಟಿಯಂಚಿನಲ್ಲೇ ನಕ್ಕ.

“ಮಾಗಡಿ ರೋಡ್ ಟ್ರಾಫಿಕ್ ಸಲುವಾಗಿ,” ಎಂದೆ.

ಸಮುದ್ರದ ನೀರಿನ ಲವಣತೆ ಓದುವ ದಿನ ಒಂದು ಲೀಟರ್ ಬಾಟಲಿಗೆ ಆರು ಟೀ ಚಮಚ ಉಪ್ಪು ಕದಡಿಕೊಂಡು ಹೋದೆ. ಒಂದು ಗುಟುಕು ಕುಡಿದು ಮುಖ ಕಿವುಚಿದ. ನಗು ನಿಂತ ಮೇಲೆ ಮೆಲ್ಲಗೆ, “ವಚನಾ, ನೀವು ಬರದ ದಿನ ನನಗ ಏನೂ ಸೇರಂಗಿಲ್ಲ. ಪಾಠದ ಸಲುವಾಗಿ ಅಲ್ಲ,” ಎಂದ.

“ನನಗೂ,” ಎಂದೆ.

ಆ ಒಂದು ಮಾತಿನ ಸಂತೋಷದಲ್ಲಿ ನಾಲ್ಕು ದಿನ ಬದುಕಿದೆ.

ಐದನೆಯ ದಿನ ಕೆರೆಯ ಬಳಿ ಅಮ್ಮನ ಫೋನು ಬಂತು. ಎದ್ದು ಹತ್ತು ಹೆಜ್ಜೆ ದೂರ ಹೋದೆ. “ಆ ಹುಡುಗನ ಜೊತೆ ಏನೇ ಅಷ್ಟು ಹೊತ್ತು?” ಎಂದಳು ಅಮ್ಮ.

“ಅಯ್ಯೋ, ಪಾಪ ಕಣಮ್ಮ, ಕಣ್ಣು ಕಾಣಲ್ಲ ಅವರಿಗೆ. ಸೇವೆ ಅಂತ ಹೋಗ್ತೀನಿ ಅಷ್ಟೇ. ಇನ್ನೇನಿರುತ್ತೆ?”

ತಿರುಗಿ ಬಂದಾಗ ಕಲ್ಮೇಶ ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದ. ಹತ್ತು ಹೆಜ್ಜೆ ಅವನ ಕಿವಿಗೆ ಏನೂ ಅಲ್ಲ.

“ಅಮ್ಮಂಗೆ ಸುಮ್ಮನೆ ಹಾಗಂದೆ ಕಲ್ಮೇಶ್. ನಿಜ ಅಲ್ಲ.”

“ಹೌದ್ರಿ? ಹಂಗಾದ್ರ ನಿಜ ಹೇಳ್ರಿ. ಈಗ ಫೋನ್ ಹಚ್ರಿ.”

ಹಚ್ಚಿದೆ. ಸ್ಪೀಕರ್ ಆನ್ ಮಾಡಿದೆ. “ಮತ್ತೇನೇ?” ಎಂದಳು ಅಮ್ಮ. ಅಪ್ಪನ ಮುಖ, ಮನೆಗೆ ಬರುವ ನೆಂಟರ ಮುಖ ಎಲ್ಲ ಕಣ್ಣ ಮುಂದೆ ಬಂದವು.

“ಅಮ್ಮಾ… ಬರೋವಾಗ ಮೊಸರು ತರ್ಲಾ?”

“ತಾ. ಅರ್ಧ ಲೀಟರ್.”

ಕಲ್ಮೇಶ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. “ಪ್ರವಾಹಗಳ ಪಾಠ ಉಳದೈತಿ. ಓದ್ರಿ,” ಎಂದ, ಅಷ್ಟೇ. ಬಿಸಿನೀರಿನ ಪ್ರವಾಹ ಯಾವ ತೀರಕ್ಕೆ, ತಣ್ಣೀರಿನದು ಯಾವ ತೀರಕ್ಕೆ ಎಂದು ಕೊನೆಯ ಸಾಲಿನವರೆಗೂ ಓದಿದೆ. ದನಿ ನಡುಗಿದ್ದು ಅವನಿಗೆ ಕೇಳಿಸಿತು. ಯಾಕೆಂದು ವಿಚಾರಿಸಲಿಲ್ಲ. ಮರುದಿನ ಮೆಸೇಜು ಬಂತು: ಇನ್ನು ಬೇರೆಯವರು ಓದುತ್ತಾರೆ, ಉಪಕಾರವಾಯಿತು.

ಪರೀಕ್ಷೆ ಪಾಸಾಗಿ ಅವನಿಗೆ ಕಾರವಾರಕ್ಕೆ ಪೋಸ್ಟಿಂಗ್ ಆದ ಸುದ್ದಿ ಆ ಗ್ರೂಪಿನಲ್ಲೇ ತಿಳಿಯಿತು. ಅಷ್ಟರಲ್ಲಿ ನಾನು ಊಟ ಬಿಟ್ಟು, ಮಾತು ಬಿಟ್ಟು, ಮನೆಯಲ್ಲಿ ನೆರಳಿನಂತೆ ಓಡಾಡುತ್ತಿದ್ದೆ. ನವೆಂಬರಿನ ಒಂದು ಭಾನುವಾರ ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿದೆ.

ಅಮ್ಮ ಒಲೆ ಆರಿಸಿದಳು. “ಆವತ್ತೇ ಹೇಳಬಾರದಿತ್ತೇನೇ? ಒಂದ್ಸಲ ಮನೆಗೆ ಕರ್ಕೊಂಡು ಬಾ ಅಂತಿದ್ದೆ.”

ಟೆರೇಸಿಗೆ ಓಡಿ ಫೋನು ಮಾಡಿದೆ. ಅವನ ದನಿಯ ಹಿಂದೆ ಸಮುದ್ರ ಮೊರೆಯುತ್ತಿತ್ತು.

“ಅಮ್ಮಂಗೆ ಹೇಳಿದೆ ಕಲ್ಮೇಶ್. ಅಮ್ಮ ಒಪ್ಪಿದಾರೆ.”

ಒಂದು ಅಲೆ ದಂಡೆಗೆ ಬಡಿಯಿತು.

“ಅವರು ಒಪ್ಪಿದ ಮ್ಯಾಲೆ ಫೋನ್ ಮಾಡೀರಿ ವಚನಾ. ನನಗ ಬೇಕಾಗಿದ್ದು ಅದಕ್ಕಿಂತ ಮೊದಲಿನ ಮಾತು, ಆವತ್ತ ಕೆರಿ ಹತ್ರ.” ದನಿ ಒಡೆಯಿತು. “ನಿಮ್ಮನ್ನ ಮರತಿಲ್ಲ. ಆದ್ರ ನಂಬಾಕ ಆಗವಲ್ದು. ಚಂದಾಗಿರ್ರಿ.”

ಕಟ್ ಆಯಿತು. ಮತ್ತೆ ಮಾಡಿದೆ, ಅವನು ಎತ್ತಲಿಲ್ಲ.

ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಅಮ್ಮ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದಳು. “ಏನಂದ್ರು ಅವರು? ಯಾವಾಗ ಬರ್ತಾರಂತೆ?”

“ಬರಲ್ಲಮ್ಮ,” ಎಂದೆ. ಎರಡು ಮೆಟ್ಟಿಲು ಇಳಿದು ಅಲ್ಲೇ ಕೂತೆ.