ಮರಕುಟಿಗನ ಹೂಂ

"ಮರಕುಟಿಗ ಅಕ್ಕಾ, ಅಪ್ಪಟ ಮರಕುಟಿಗ!" ಅವಳು ಚಮಚದಿಂದ ಊಟದ ಮೇಜನ್ನು ಟಕ್ ಟಕ್ ಕುಟ್ಟಿ ತೋರಿಸಿದಳು. "ಬಾಯಿಗೆ ಬೀಗ, ಕೈಗೆ ಬಿಡುವಿಲ್ಲ. ಇವನನ್ನ ಕಟ್ಕೊಂಡವಳು ಗೋಡೆ ಜೊತೆ ಸಂಸಾರ ಮಾಡಿದ ಹಾಗೇ!"

ಟೈಪಿಸ್ಟ್ ಅಕ್ಕ ನಗಲಿಲ್ಲ. ಕಣ್ಣಲ್ಲೇ ಬಾಗಿಲು ತೋರಿಸಿದಳು.

ಅವನು ಅಲ್ಲೇ ನಿಂತಿದ್ದ, ಅವಳು ಮರೆತು ಬಂದ ನೀರಿನ ಬಾಟಲಿ ಹಿಡಿದುಕೊಂಡು. ಒಳಗೆ ಬಂದು, ಅದನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೊರಟುಹೋದ.

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿ ಅದು. ಹಸ್ತಪ್ರತಿಯನ್ನು ಅವಳು ಗಟ್ಟಿಯಾಗಿ ಓದಬೇಕು. ಎದುರು ಕುಳಿತ ಅವನು ಅಚ್ಚಾದ ಪ್ರೂಫಿನ ಮೇಲೆ ಕಣ್ಣೋಡಿಸಬೇಕು. ವ್ಯತ್ಯಾಸ ಕಂಡರೆ ಪೆನ್ಸಿಲಿನಿಂದ ಮೇಜಿಗೊಂದು ಟಕ್; ಅವಳು ಆ ಸಾಲನ್ನು ಮತ್ತೆ ಓದುತ್ತಾಳೆ. ಮಾತಾಡಿದರೆ ಕಣ್ಣು ಜಾರುತ್ತದೆಂದು ಸಂಪಾದಕರ ಕಟ್ಟಪ್ಪಣೆ. ಆದರೂ ಇವನ ಟಕ್ ವಿಪರೀತ. ತನ್ನ ಓದೇ ಇವನಿಗೆ ಹಿಡಿಸದೇನೋ ಎಂದು ಅವಳು ಒಳಗೊಳಗೇ ಬೆಂದಿದ್ದಳು. ಹಿಡಿಸಲಿ ಎಂಬ ಆಸೆ ಇದ್ದದ್ದರಿಂದಲೇ ಆ ಬೇಗೆ.

"ನಾಳೆಯಿಂದ ಬೇರೆ ಮೇಜು ಕೊಡಿ ಅಂತ ಸಾರ್ ಹತ್ರ ಕೇಳ್ದನಂತೆ ಕಣೇ," ಎಂದಳು ಅಕ್ಕ, ಕೈ ತೊಳೆಯುತ್ತಾ.

ಮಧ್ಯಾಹ್ನ ಇಬ್ಬರೂ ಎದುರುಬದುರು ಕುಳಿತರು. ಅವಳ ಕಿವಿ ಇನ್ನೂ ಕೆಂಪಗಿತ್ತು. ಅವನು ತಲೆ ಎತ್ತಲೇ ಇಲ್ಲ.

"ಕಾಲಕ್ವಿ," ಓದತೊಡಗಿದಳು. "ನಾಮಪದ. ಸಂಭಾಷಣೆ, ಸಂವಾದ, ವಿಶೇಷವಾಗಿ ಗಂಭೀರವಾದದ್ದು. ಲ್ಯಾಟಿನ್ ಮೂಲ. ಕಾಲ್ ಎಂದರೆ ಕೂಡಿ, ಲೋಕ್ವಿ ಎಂದರೆ ಮಾತಾಡು..."

ಓದು ಅಲ್ಲೇ ನಿಂತಿತು. ಕೂಡಿ ಮಾತಾಡು. ಇಷ್ಟು ದಿನ ಒಬ್ಬಳೇ ಓದಿ, ಒಬ್ಬಳೇ ಮುನಿದು, ಕೊನೆಗೆ ಊರಿಗೆಲ್ಲ ಕೇಳುವ ಹಾಗೆ ಒಬ್ಬಳೇ ತೀರ್ಪೂ ಕೊಟ್ಟಾಗಿತ್ತು. ಚಿಕ್ಕಂದಿನಲ್ಲಿ ಅವಳ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂ ಅನ್ನದಿದ್ದರೆ ರಾಜಕುಮಾರಿಯನ್ನು ಕಾಡಿನ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಈಗ ಅವಳೂ ಆ ರಾಜಕುಮಾರಿಯ ಹಾಗೆ ಒಂದು ಹೂಂಗಾಗಿ ನಡುವೆಯೇ ನಿಂತಿದ್ದಳು.

"ನಂಗೆ ತುಂಬಾ ನಾಚಿಕೆ ಆಗ್ತಿದೆ," ಎಂದಳು, ಹಾಳೆಗೇ ಹೇಳುವಂತೆ. "ನಿಮ್ಮ ಮುಖ ನೋಡೋಕೂ ಆಗ್ತಿಲ್ಲ."

ಟಕ್ ಕೇಳಲಿಲ್ಲ.

"ಹೂಂ," ಎಂದ.

ಅವಳು ತಲೆ ಎತ್ತಿದಳು. ಅವನ ಮುಖ ಅವಳದಕ್ಕಿಂತ ಕೆಂಪಾಗಿತ್ತು.

"ನಾಚಿಕೆ ಆಗ್ಬೇಕಾದ್ದು ನಂಗೆ," ಅವನು ಪೆನ್ಸಿಲನ್ನೇ ನೋಡುತ್ತಾ ಹೇಳಿದ. "ಅಷ್ಟೊಂದು ತಪ್ಪು ಎಲ್ಲಿತ್ತು? ಎಷ್ಟೋ ಸಲ ಸುಮ್ನೆ ಕುಟ್ತಿದ್ದೆ. ಇನ್ನೊಂದ್ಸಲ ಓದ್ತೀರಲ್ಲ ಅಂತ."

"ಸುಮ್ಸುಮ್ನೆ?"

"ನಿಮ್ಮ ದನಿ ಕೇಳೋಕೆ. ಅದು ನಿಮ್ಗೆ ಹಿಂಸೆ ಆಗ್ತಿದೆ ಅಂತ ಇವತ್ತೇ ಗೊತ್ತಾಗಿದ್ದು. ಅದಕ್ಕೇ ಬೇರೆ ಮೇಜು..."

"ಅಯ್ಯೋ, ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ!" ನಗು ಬಂತು, ಅದರ ಹಿಂದೆಯೇ ಕಣ್ಣೀರೂ. ಸೆರಗಿನ ಅಂಚಿನಿಂದ ಒರೆಸಿಕೊಂಡಳು. "ಹೋಗ್ಬೇಡಿ."

ಪಕ್ಕದ ಕೋಣೆಯಿಂದ ಸಂಪಾದಕರ ಗದರಿಕೆ ತೂರಿ ಬಂತು. "ಏನ್ರಪ್ಪಾ, ಒಂದು ಪದಕ್ಕೆ ಇಷ್ಟು ಹೊತ್ತಾ?"

ಅವನು ಪೆನ್ಸಿಲನ್ನು ಅವಳ ಕಡೆಗೆ ಉರುಳಿಸಿ, ಮೊದಲ ಸಲ ಗಟ್ಟಿಯಾಗಿ ಕೂಗಿದ:

"ಇಬ್ಬರೂ ಮಾತಾಡ್ಬೇಕಾದ ಪದ, ಸಾರ್! ನಾಳೆನೂ ಇದೇ ಮೇಜಲ್ಲೇ ಕೂರ್ತೀವಿ."