ಹೊಸ್ತಿಲಾಚೆ ಕೊಟ್ಟ ಸೊಪ್ಪು

೧೯೩೭ರ ಮಾಘದಲ್ಲಿ ಶ್ರೀನಿವಾಸಪುರದ ಚನ್ನರಾಯಪ್ಪನ ಹುಳುಮನೆಯಲ್ಲಿ ಎರಡು ತಟ್ಟೆ ರೇಷ್ಮೆಹುಳು ಹಸಿರು ರಸ ಕಕ್ಕಿ ಸತ್ತವು. ಉಳಿದ ಹತ್ತು ತಟ್ಟೆಯವು ಏನೂ ಆಗದಂತೆ ಸೊಪ್ಪು ಮೇಯುತ್ತಿದ್ದವು. ಸೊಸೆ ಗಂಗರತ್ನಮ್ಮ ಆಗ ಮುಟ್ಟಾಗಿ ಹೊರಜಗುಲಿಯಲ್ಲಿ ಕೂತಿದ್ದಳು. ಅವಳೇ ಒಳಗೆ ಕಾಲಿಟ್ಟು ಮೈಲಿಗೆ ಮಾಡಿದಳೆಂದು ಅತ್ತೆ ಆದಿಲಕ್ಷ್ಮಮ್ಮ ತೀರ್ಮಾನಿಸಿದಳು. ಅವಳನ್ನು ಮಾಲೂರಿನ ತವರಿಗೆ ಅಟ್ಟಲು ಮರುದಿನಕ್ಕೆ ಗಾಡಿಯೂ ಗೊತ್ತಾಯಿತು. ಮತ್ತೆ ಕರೆಸುವ ಮಾತಿರಲಿಲ್ಲ.

ಆದಿಲಕ್ಷ್ಮಮ್ಮನ ಅಣ್ಣ ಕದಿರಪ್ಪ ಇದಕ್ಕೆಲ್ಲ ಹೂಂಗುಟ್ಟಿದ. ಹುಳು ಸಾಯುವ ಹಿಂದಿನ ದಿನವಷ್ಟೇ ಮುಳಬಾಗಿಲಿನ ತನ್ನ ತೋಟದಿಂದ ಹಿಪ್ಪುನೇರಳೆಯ ಎಳೆಸೊಪ್ಪು ತಂದಿದ್ದ. ಹೊಗೆಸೊಪ್ಪು ರೇಷ್ಮೆಹುಳುವಿಗೆ ವಿಷ, ಅದನ್ನೋ ನಶ್ಯವನ್ನೋ ಮುಟ್ಟಿದವರು ಹುಳುಮನೆಗೆ ಹೋಗಬಾರದಲ್ಲ. ನಶ್ಯ ಏರಿಸುವ ಕದಿರಪ್ಪ ಕೈ ತೊಳೆದು, ಹೊಸ್ತಿಲಾಚೆಯೇ ನಿಂತು ಗಂಟು ಕೊಟ್ಟಿದ್ದ. ಕಟ್ಟುನಿಟ್ಟಿನ ಮನುಷ್ಯ, ಪಾಪ.

"ನಿಮ್ಮೂರಿನ ಮೇಷ್ಟ್ರು ಒಂದ್ಸಲ ನೋಡ್ಲಿ ಮಾವ. ಆಮೇಲೆ ಗಾಡಿ ಹತ್ತುತೀನಿ," ಎಂದಳು ಗಂಗರತ್ನಮ್ಮ ಕದಿರಪ್ಪನಿಗೆ.

ತತ್ತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಸುಬ್ಬರಾಯಪ್ಪ ಮೇಷ್ಟ್ರು ಸುತ್ತಲಿನ ಎಷ್ಟೋ ಕಳವು ಪತ್ತೆ ಮಾಡಿದ್ದರು. ಆಗೆಲ್ಲ ಜೊತೆಗಿದ್ದವನು ಕದಿರಪ್ಪನೇ. ಅವತ್ತೇ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ಅವರನ್ನು ಕರೆತಂದ.

"ಖಂಡಿತ ಆ ಹುಡುಗಿಯದೇ ಮೈಲಿಗೆ, ಇದರಲ್ಲಿ ಅನುಮಾನವೇ ಇಲ್ಲ ಮೇಷ್ಟ್ರೇ," ಎಂದ ದಾರಿಯಲ್ಲಿ.

"ಅಮೆರಿಕದ ತತ್ತ್ವಜ್ಞಾನಿಗಳು, ನಂಬಿಕೆ ಅಂದ್ರೆ ಅದನ್ನ ನೆಚ್ಚಿ ಹೆಜ್ಜೆ ಇಡೋದು, ಇಟ್ಟು ನೋಡು ಅಂತಾರೆ. ಇಂಗ್ಲೆಂಡಿನವರು, ಖಂಡಿತ ಅನ್ನೋ ಮಾತಿಗೆ ಅರ್ಥವೇನು ಮೊದಲು ಹೇಳು ಅಂತಾರೆ. ಕಾರಣ ಇಲ್ಲದ ಅನುಮಾನ ಅನುಮಾನವೇ ಅಲ್ಲ ಅನ್ನೋದ್ರಲ್ಲಿ ಇಬ್ಬರೂ ಒಂದೇ. ಆ ಹುಡುಗಿ ಮೇಲೆ ಅನುಮಾನ ಪಡೋಕೆ ನಿನಗೇನು ಕಾರಣ?" ಎಂದರು ಮೇಷ್ಟ್ರು.

ಕದಿರಪ್ಪ ನಶ್ಯ ಏರಿಸಿ, ಬೆರಳನ್ನು ಟವಲಿಗೆ ಒರೆಸಿದ. ಮೇಷ್ಟ್ರು ಅದನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಎಲ್ಲರೂ ಜಗುಲಿಯಲ್ಲಿ ಸೇರಿದರು. ಗಾಡಿಯಲ್ಲಿ ಗಂಗರತ್ನಮ್ಮ ಟ್ರಂಕಿನ ಪಕ್ಕ ಕೂತಿದ್ದಳು.

"ಮೈಲಿಗೆಗೆ ತಟ್ಟೆ ಎಣಿಸೋಕೆ ಬರುತ್ತೇನಮ್ಮ? ಹನ್ನೆರಡರಲ್ಲಿ ಎರಡನ್ನೇ ಯಾಕೆ ಆರಿಸ್ತು?" ಎಂದು ಮೇಷ್ಟ್ರು ಆದಿಲಕ್ಷ್ಮಮ್ಮನನ್ನು ಕೇಳಿದರು. "ಆ ಎರಡಕ್ಕೆ ಯಾವ ಸೊಪ್ಪು ಹಾಕಿದ್ರಿ?"

"ಅಣ್ಣ ತಂದದ್ದು," ಎಂದಳು ಆದಿಲಕ್ಷ್ಮಮ್ಮ, ತಡವರಿಸುತ್ತ.

"ಯಾವುದರಲ್ಲಿ ಕಟ್ಟಿ ತಂದ?"

ಕದಿರಪ್ಪನ ಕೈ ತಾನಾಗಿಯೇ ಹೆಗಲಿನ ಟವಲಿಗೆ ಹೋಯಿತು.

ಮೇಷ್ಟ್ರು ಒಂದಿಷ್ಟು ಹುಳು ಬಿಟ್ಟಿದ್ದ ಎರಡು ಮೊರ ಮುಂದಿಟ್ಟರು. ಮುಂಜಾನೆ ಒಂದಕ್ಕೆ ಬುಟ್ಟಿಯ ಸೊಪ್ಪು ಹಾಕಿಸಿದ್ದರು. ಇನ್ನೊಂದಕ್ಕೆ ಅದೇ ಬುಟ್ಟಿಯದನ್ನು, ಕದಿರಪ್ಪ ಏಳುವ ಮೊದಲೇ ಅವನ ಟವಲಿನಲ್ಲಿ ಸುತ್ತಿಟ್ಟು ತೆಗೆದದ್ದು. ಮೊದಲನೆಯದರಲ್ಲಿ ಹುಳು ಮೇಯುತ್ತಿದ್ದವು. ಎರಡನೆಯದರಲ್ಲಿ ಹೊರಳಾಡಿ ಹಸಿರು ಕಕ್ಕುತ್ತಿದ್ದವು.

"ನೀನು ಕೈ ತೊಳೆದೆ ಕದಿರಪ್ಪ, ಹೊಸ್ತಿಲು ದಾಟಲಿಲ್ಲ. ಆದ್ರೆ ವರ್ಷಗಟ್ಟಲೆ ನಶ್ಯ ಒರೆಸಿದ ಟವಲು ಒಳಗೆ ಹೋಯ್ತು ಕಣೋ. ಅನುಮಾನಕ್ಕೆ ಕಾರಣ ಇದ್ದದ್ದು ಅಲ್ಲಿ. ನೀನು ನೋಡಿದ್ದು ಜಗುಲಿ ಕಡೆ."

ಕದಿರಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಮೇಷ್ಟ್ರ ಹಿಂದೆ ತಿರುಗಿ ಕಲಿತದ್ದು ಇಷ್ಟೇನಾ ಎಂದುಕೊಂಡ. ಚನ್ನರಾಯಪ್ಪ ಗಾಡಿಯಿಂದ ಟ್ರಂಕು ಇಳಿಸಲು ಹೋದ.

"ಇರ್ಲಿ ಮಾವ, ಇಳಿಸಬೇಡಿ," ಎಂದಳು ಗಂಗರತ್ನಮ್ಮ.

"ತಪ್ಪು ನಂದು ತಾಯಿ. ಎಲ್ಲಾ ತಿಳೀತಲ್ಲ, ಇಳಿ," ಎಂದು ಕದಿರಪ್ಪ ಕೈಮುಗಿದ.

"ನಿಮಗೆ ತಿಳೀತು. ನೀವೆಲ್ಲ ಅಷ್ಟು ಖಂಡಿತವಾಗಿ ಅಂದಾಗ, ನಿದ್ದೆಗಣ್ಣಲ್ಲಿ ನಾನೇ ಹುಳುಮನೆಗೆ ಹೋಗಿದ್ದೆನೇನೋ ಅಂತ ನನ್ನ ಮೇಲೆ ನಂಗೇ ಅನುಮಾನ ಬಂತು. ಅದಕ್ಕೇ ಮೇಷ್ಟ್ರನ್ನ ಕೇಳಿದ್ದು, ನಿಮಗೋಸ್ಕರ ಅಲ್ಲ. ನನ್ನನ್ನೇ ನಾನು ನಂಬದ ಹಾಗೆ ಮಾಡಿದ ಮನೇಲಿ ಇನ್ನು ಹೇಗಿರ್ಲಿ?"

ಗಾಡಿ ಹೊರಟಿತು. ಕೆರೆಯ ತಿರುವಿನವರೆಗೂ ಕದಿರಪ್ಪ ಅದರ ಹಿಂದೆಯೇ ನಡೆದ. ಅವಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.