ಬಲಗಣ್ಣಿನ ಮಂಜು

"ನಮ್ಮ ಮಾವನಿಗೆ ನಾನು ವಿಷ ಹಾಕಿಲ್ಲ, ಡಾಕ್ಟ್ರಮ್ಮ. ಆದ್ರೆ ಹಾಕಿಲ್ಲ ಅಂತ ತೋರಿಸೋದು ಹೇಗೆ?"

ಬಾಗಿಲು ತೆರೆದವಳು ನಾನು. ಹೊಸ್ತಿಲಲ್ಲಿ ನಿಂತಿದ್ದ ಹುಡುಗಿ ಮಾತಾಡಿದ್ದು ಮಾತ್ರ ನನ್ನ ಹೆಗಲಾಚೆ ಕುಳಿತಿದ್ದ ದೊಡ್ಡಮ್ಮನ ಜತೆ. ನನ್ನ ಪಾಡೇ ಅಷ್ಟು. ಮನೆಗೆ ಬಂದವರ ಕಣ್ಣು ನನ್ನನ್ನು ದಾಟಿಕೊಂಡೇ ಹೋಗುತ್ತದೆ.

ದೊಡ್ಡಮ್ಮ ಅರಿವಳಿಕೆ ಡಾಕ್ಟರಾಗಿದ್ದವಳು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು ಅವಳ ಕೆಲಸ. ಯಾವ ಮದ್ದು ಒಳಗಿಳಿದರೆ ಮನುಷ್ಯ ನಗುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ಇಲ್ಲದ್ದನ್ನು ಕಾಣುತ್ತಾನೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲವಳು. ನಿವೃತ್ತಿಯಾದ ಮೇಲೂ ಪೊಲೀಸರು, ನೆರೆಹೊರೆಯವರು ಅವಳನ್ನು ಬಿಟ್ಟಿರಲಿಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು ಅವಳ ಹಿಂದೆ ಹಿಂದೆ ಸುತ್ತಿ, ಕಂಡದ್ದನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

"ಮೊದಲು ಅತ್ತು ಮುಗಿಸು. ಆಮೇಲೆ ಹೇಳುವಿಯಂತೆ," ಎಂದು ಅವಳಿಗೆ ಹೇಳಿ, ದೊಡ್ಡಮ್ಮ ನನ್ನನ್ನು ಟೀ ಮಾಡಲು ಅಟ್ಟಿದಳು.

ನಾನು ಟೀ ತರುವಷ್ಟರಲ್ಲಿ ಆ ಹುಡುಗಿ ಕುರ್ಚಿ ಹತ್ತಿ, ಎಂದೋ ನಿಂತುಹೋಗಿದ್ದ ನಮ್ಮ ಗೋಡೆ ಗಡಿಯಾರವನ್ನು ಒಂಚೂರು ಎಡಕ್ಕೆ ಸರಿಸಿ, ಲೋಲಕಕ್ಕೆ ಬೆರಳು ತಾಗಿಸುತ್ತಿದ್ದಳು. ಗಡಿಯಾರ ನಡೆಯತೊಡಗಿತು.

"ಓರೆಯಾಗಿತ್ತು, ಅಷ್ಟೇ. ಅಳು ಬಂದಾಗ ಕೈಗೆ ಏನಾದ್ರೂ ಕೆಲಸ ಬೇಕು ನನಗೆ," ಎಂದಳು ಸಂಕೋಚದಿಂದ.

"ನೋಡೇ, ಎಂಥ ಕೈ!" ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಆ ಗಡಿಯಾರದ ದೂಳನ್ನು ದಿನಾ ಒರೆಸುತ್ತಿದ್ದವಳು ನಾನು. ಟೀ ಲೋಟವನ್ನು ಠಕ್ಕೆಂದು ಅವಳ ಮುಂದೆ ಇಟ್ಟೆ.

ಹುಡುಗಿ ಗಡಿಯಾರ ರಿಪೇರಿಯ ಹಳೇ ಅಂಗಡಿಯೊಂದರ ಸೊಸೆ. ಕೆಳಗೆ ಅಂಗಡಿ, ಮೇಲೆ ಮನೆ. ಗಂಡನಿಗೆ ದೂರದ ಊರಲ್ಲಿ ಕೆಲಸ. ಇವಳ ಕೈಚಳಕ ಕಂಡು ಮಾವ ತನ್ನ ಪಕ್ಕದಲ್ಲೇ ಇವಳಿಗೂ ಒಂದು ಮೇಜು ಹಾಕಿಸಿ ಕೆಲಸ ಕಲಿಸುತ್ತಿದ್ದರು.

"ಅವತ್ತು ಬೆಳಗಿಂದ ಕಣ್ಣು ಮಂಜು ಮಂಜು ಅಂತಿದ್ರು. ಬಾಯಿ ಒಣಗ್ತಿದೆ ಅಂತ ನೀರು ಕುಡೀತಾನೇ ಇದ್ರು. ಮಧ್ಯಾಹ್ನ ಟೀ ಕೊಟ್ಟೆ. ಆಮೇಲೆ ಮುಖ ಕೆಂಪಗೆ ಕೆಂಡ ಆಯ್ತು. ಗಾಳಿಯಲ್ಲಿ ಇಲ್ಲದ ಸ್ಕ್ರೂ ಹೆಕ್ಕೋಕೆ ಶುರು ಮಾಡಿದ್ರು, ತೀರಿಕೊಂಡ ಅತ್ತೆ ಜತೆ ಮಾತಾಡಿದ್ರು, ಬರಿಗಾಲಲ್ಲಿ ಬೀದಿಗೆ ಓಡಿದ್ರು. ಆಸ್ಪತ್ರೇಲಿ ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆ, ತಲೆಯೊಳಗೆ ರಕ್ತ ಸೋರಿರಬೇಕು ಅಂತ ಸ್ಕ್ಯಾನ್ ಮಾಡಿದ್ರು. ಏನೂ ಸಿಗ್ಲಿಲ್ಲ. ಈಗ ಬುದ್ಧಿ ನೆಟ್ಟಗಾಗಿದೆ, ಆದ್ರೆ ಅವತ್ತಿನದು ಒಂದೂ ನೆನಪಿಲ್ಲ."

"ವಿಷ ಅಂದವರು ಯಾರು?"

"ನಮ್ಮ ಅತ್ತಿಗೆ, ಅಂದ್ರೆ ನನ್ನ ಗಂಡನ ಅಕ್ಕ. ಇದೇ ಬೀದಿಯ ಕೊನೇಲಿ ಅವರ ಮನೆ. ಟೀಗೆ ಉಮ್ಮತ್ತಿ ಬೀಜ ಅರೆದು ಹಾಕಿದೀಯ, ಮುದುಕನಿಗೆ ಹುಚ್ಚು ಹಿಡಿಸಿ ಅಂಗಡಿ ಹೊಡ್ಕೋಬೇಕು ಅಂತಿದೀಯ ಅಂತಾರೆ. ನಾಳೆ ಸಂಜೆ ನನ್ನ ಗಂಡ ಬರ್ತಾರೆ. ಅಷ್ಟರೊಳಗೆ ನಾನು ತವರಿಗೆ ಹೊರಡ್ಬೇಕಂತೆ. ಇಲ್ಲದಿದ್ರೆ ಪೊಲೀಸ್ ಅಂತೆ. ಅವತ್ತಿಂದ ಅಂಗಡಿಯೊಳಗೆ ಕಾಲಿಡೋಕೂ ಬಿಟ್ಟಿಲ್ಲ."

ಅವಳು ಹೋದ ಮೇಲೆ ದೊಡ್ಡಮ್ಮ ನನ್ನ ಮುಖ ನೋಡಿದಳು. "ಏನು, ಹಾಗಲಕಾಯಿ ತಿಂದವಳ ಹಾಗಿದೀಯ? ಅವಳ ಕೈ ಹೊಗಳಿದ್ದಕ್ಕಾ?"

"ಏನಿಲ್ಲಪ್ಪ."

"ಇರಲಿ ಬಿಡು. ಆ ಉರಿ ಆರದ ಹಾಗೆ ಇಟ್ಕೋ. ಇದನ್ನ ಬಿಡಿಸೋಕೆ ಬೇಕಾಗುತ್ತೆ."

ಆಸ್ಪತ್ರೆಯಲ್ಲಿ ಅಂಗಡಿಯ ಯಜಮಾನರು, ಅಂದರೆ ಆ ಹುಡುಗಿಯ ಮಾವ, ದಿಂಬಿಗೆ ಒರಗಿ ಕುಳಿತಿದ್ದರು. ಮಗಳು ಪಕ್ಕದಲ್ಲಿದ್ದಳು. ಕಿಟಕಿಯ ಪರದೆ ಎಳೆದಿತ್ತು; ಆ ಅರೆಗತ್ತಲಲ್ಲೂ ಅವಳು ಕಪ್ಪು ಕನ್ನಡಕ ಹಾಕಿದ್ದಳು.

"ಕಣ್ಣುಬೇನೆ, ಡಾಕ್ಟ್ರಮ್ಮ. ಬೆಳಕು ಚುಚ್ಚುತ್ತೆ," ಎಂದು ತಾನಾಗಿಯೇ ಹೇಳಿದಳು. "ಅದರಲ್ಲೇ ಅಪ್ಪನ್ನ ನೋಡ್ಕೋತಿದೀನಿ. ಅವಳನ್ನ ನಂಬೋ ಹಾಗಿಲ್ಲವಲ್ಲ!"

"ಪುಟ್ಟಿ, ಸುಮ್ನಿರು," ಎಂದರು ಯಜಮಾನರು.

"ಸುಮ್ನೇ ಇದ್ದೆ ಅಪ್ಪ, ಹುಟ್ಟಿದಾಗಿನಿಂದ. ನಾನು ಆ ಮೇಜಿನ ಹತ್ರ ನಿಂತ್ರೂ ನೀನು ಗದರಿಸಿ ಓಡಿಸ್ತಿದ್ದೆ. ನಿನ್ನೆ ಮೊನ್ನೆ ಬಂದವಳಿಗೆ ಪಕ್ಕದಲ್ಲೇ ಕುರ್ಚಿ!"

ದೊಡ್ಡಮ್ಮ ಟಾರ್ಚ್ ಬಿಟ್ಟು ಯಜಮಾನರ ಕಣ್ಣು ನೋಡಿದಳು. ಎಡಗಣ್ಣಿನ ಪಾಪೆ ಬೆಳಕಿಗೆ ಚಟ್ಟನೆ ಕುಗ್ಗಿತು. ಬಲಗಣ್ಣಿನದು ಬಾವಿಯ ಬಾಯಿಯ ಹಾಗೆ ತೆರೆದುಕೊಂಡೇ ಇತ್ತು.

"ಭೂತಗನ್ನಡಿ ಯಾವ ಕಣ್ಣಿಗೆ ಸಿಕ್ಕಿಸ್ಕೋತೀರಿ?"

"ಬಲಗಣ್ಣಿಗೆ. ನಮ್ಮ ಕಸುಬಲ್ಲಿ ಒಂದೇ ಕಣ್ಣಿಗೆ ದುಡಿಮೆ, ಇನ್ನೊಂದಕ್ಕೆ ರಜೆ," ಎಂದು ನಕ್ಕರು.

ಅಲ್ಲಿಂದ ನೇರ ಅಂಗಡಿಗೆ. ಬಾಗಿಲು ತೆರೆದವನು ಹಳೆಯ ಕೆಲಸಗಾರ. ಕಡ್ಡಿಯಂಥ ಮೈ, ಉದ್ದನೆಯ ಬೆರಳು. ಬೀದಿಗೆಲ್ಲ ಅವನು 'ಚಿಮಟಣ್ಣ.' ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿಯೊಂದು ಇಣುಕುತ್ತಿತ್ತು.

"ನಿದ್ದೆ ಮಾತ್ರೆ," ಎಂದ ದೊಡ್ಡಮ್ಮನ ನೋಟ ಹಿಡಿದು. "ನನ್ನ ವಯಸ್ಸಿಗೆ ನಿದ್ದೆ ಎಲ್ಲಿ ಬರುತ್ತೆ? ಅದರಲ್ಲೂ ಒಳ್ಳೊಳ್ಳೆ ವಾಚೆಲ್ಲ ಸೊಸೆಯ ಮೇಜಿಗೆ, ಅಲಾರಾಂ ಡಬ್ಬಿಗಳೆಲ್ಲ ನನಗೆ ಅಂತಾದ ಮೇಲೆ!"

"ಅಂದ್ರೆ ನಿಮಗೂ ಉರೀತಿತ್ತು."

"ಸುಳ್ಳು ಯಾಕೆ ಹೇಳಲಿ? ಉರೀತಿತ್ತು. ಆದ್ರೆ ಆ ಹುಡುಗಿ ಕೈ ಚೆನ್ನಾಗಿದೆ. ಅದಕ್ಕೇ ಇನ್ನೂ ಜಾಸ್ತಿ ಉರಿ."

ಯಜಮಾನರ ಮೇಜು ಕಿಟಕಿಗೆ ಒತ್ತಿಕೊಂಡಿತ್ತು. ಚಿಮಟಗಳು, ಎಣ್ಣೆಬಟ್ಟಲು, ಭೂತಗನ್ನಡಿ, ಪಕ್ಕದಲ್ಲೊಂದು ಕಣ್ಣಿನ ಹನಿಯ ಪುಟ್ಟ ಬಾಟಲಿ. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದೆ.

"ಭೂತಗನ್ನಡಿ ಹಾಕಿ ಹಾಕಿ ಕಣ್ಣು ಒಣಗುತ್ತೆ. ಅದಕ್ಕೆ ಆ ಹನಿ," ಎಂದ ಚಿಮಟಣ್ಣ. "ಅವತ್ತಂತೂ ಮಂಜು ಅಂದಾಗೆಲ್ಲ ಹಾಕ್ಕೊಂಡ್ರು. ಕೊನೆಗೆ ಬಾಟಲಿ ತಳ ಹಿಂಡಿ ಹಿಂಡಿ ಹಾಕ್ಕೋತಿದ್ರು."

"ಆಮೇಲೆ ಅಂಗಡಿಗೆ ಯಾರು ಬಂದಿದ್ರು?" ಎಂದು ದೊಡ್ಡಮ್ಮ ಕೇಳಿದಳು.

"ಯಾರೂ ಇಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ. ಯಜಮಾನರ ಮಗಳು ಒಬ್ರೇ ಬಂದು ಅವರ ಕನ್ನಡಕ ತಗೊಂಡು ಹೋದ್ರು."

ಹೊರಗೆ ಬಂದ ಮೇಲೆ ನಾನು ಮೆಲ್ಲನೆ ಹೇಳಿದೆ. "ದೊಡ್ಡಮ್ಮ, ಆ ಬಾಟಲಿ ತುಂಬಿದೆ."

ದೊಡ್ಡಮ್ಮ ನಡೆಯುವುದನ್ನು ನಿಲ್ಲಿಸಿ, ನನ್ನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

ಮರುದಿನ ಬೆಳಗ್ಗೆ ಯಜಮಾನರನ್ನು ಮನೆಗೆ ಕಳಿಸಿದರು. ದೊಡ್ಡಮ್ಮ ಎಲ್ಲರನ್ನೂ ಅಂಗಡಿಯಲ್ಲೇ ಕೂರಿಸಿದಳು. ಗೋಡೆಯ ತುಂಬ ಗಡಿಯಾರಗಳು, ಒಂದೊಂದರದೂ ಒಂದೊಂದು ಸಮಯ. ಸೊಸೆಯ ಕೈಚೀಲ ಬಾಗಿಲ ಬಳಿ ಸಿದ್ಧವಾಗಿತ್ತು.

"ಮದ್ದು ಒಳಗೆ ಹೋದ ಮೇಲೆ ಮೈಯೇ ಸಾಕ್ಷಿ ಹೇಳುತ್ತೆ," ಎಂದು ದೊಡ್ಡಮ್ಮ ಶುರುಮಾಡಿದಳು. "ಚಿಮಟಣ್ಣನ ನಿದ್ದೆ ಮಾತ್ರೆ ಕೊಟ್ಟಿದ್ರೆ ಯಜಮಾನರು ತೂಕಡಿಸಬೇಕಿತ್ತು, ನಾಲಿಗೆ ತೊದಲಬೇಕಿತ್ತು. ಇವರಿಗೆ ಆದದ್ದು ಬೇರೆ. ಬಾಯಿ ಒಣಗಿತು, ಮೈ ಕಾದಿತು, ಇಲ್ಲದ್ದು ಕಂಡಿತು. ಉಮ್ಮತ್ತಿ ತಿಂದವರಿಗೂ ಹೀಗೇ ಆಗುತ್ತೆ."

"ನಾನು ಹೇಳ್ಲಿಲ್ವಾ!" ಎಂದಳು ಮಗಳು.

"ಹೌದು, ಹೇಳಿದೀಯ. ಆದ್ರೆ ಟೀ ಜತೆ ಹೊಟ್ಟೆಗೆ ಹೋಗಿದ್ರೆ ರಕ್ತದಲ್ಲಿ ಸೇರಿ ಎರಡೂ ಕಣ್ಣಿನ ಪಾಪೆ ಅಗಲಿಸಬೇಕಿತ್ತು. ಇಲ್ಲಿ ಅಗಲವಾಗಿದ್ದು ಬಲಗಣ್ಣು ಮಾತ್ರ. ತಲೆಯೊಳಗೂ ತೊಂದರೆ ಇಲ್ಲ ಅಂತ ಸ್ಕ್ಯಾನ್ ಹೇಳಿದೆ. ಮದ್ದು ಬಾಯಿಂದ ಹೋಗಿಲ್ಲ, ಕಣ್ಣಿಂದ ಹೋಗಿದೆ." ದೊಡ್ಡಮ್ಮ ಹನಿಯ ಬಾಟಲಿಯನ್ನು ಮೇಜಿನ ನಡುವೆ ಇಟ್ಟಳು. "ಉಮ್ಮತ್ತಿಯಲ್ಲಿರೋ ಸತ್ವದ್ದೇ ಕಣ್ಣಿನ ಹನಿ ಕೂಡ ಸಿಗುತ್ತೆ. ಪಾಪೆ ಅಗಲಿಸೋಕೆ ಕಣ್ಣಿನ ಡಾಕ್ಟರು ಕೊಡೋದು. ಹಾಕಿದ್ರೆ ಹತ್ತಿರದ್ದೆಲ್ಲ ಮಂಜು. ಮಂಜಾದ್ರೆ ಗಡಿಯಾರದವರು ಏನು ಮಾಡ್ತಾರೆ? ಕಣ್ಣು ಒಣಗಿದೆ ಅಂದ್ಕೊಂಡು ಇನ್ನೊಂದು ಹನಿ. ಇನ್ನಷ್ಟು ಮಂಜು, ಮತ್ತೆ ಹನಿ. ಕಣ್ಣಿಂದ ಮೂಗಿಗೆ, ಮೂಗಿಂದ ರಕ್ತಕ್ಕೆ. ವಯಸ್ಸಾದ ಮೈ ಅಷ್ಟನ್ನೆಲ್ಲ ತಾಳಲಿಲ್ಲ."

ಎಲ್ಲರೂ ಬಾಟಲಿಯಿಂದ ಹಿಂದೆ ಸರಿದರು, ಅದು ಹೆಡೆ ಎತ್ತಿದೆಯೋ ಎಂಬಂತೆ.

"ಇದನ್ನ ಪರೀಕ್ಷೆಗೆ ಕಳಿಸಿದ್ರೆ ಉತ್ತರ ಬರೋಷ್ಟರಲ್ಲಿ ಈ ಹುಡುಗಿ ಮನೆ ಬಿಟ್ಟಿರ್ತಾಳೆ. ಯಾರಾದ್ರೂ ಒಂದು ಹನಿ ಹಾಕಿಸ್ಕೊಂಡ್ರೆ ಪಾಪೆನೇ ಹೇಳುತ್ತೆ. ಯಾರು ಬರ್ತೀರಿ?"

"ಅಯ್ಯೋ, ಕಣ್ಣೇ ನನ್ನ ಅನ್ನ ಕಣಮ್ಮ!" ಚಿಮಟಣ್ಣ ಎರಡೂ ಕಣ್ಣಿಗೆ ಕೈ ಅಡ್ಡ ಹಿಡಿದ.

ಸೊಸೆಯ ಮುಖ ಬಿಳಿಚಿತು. ಅವಳು ಸೆರಗಿನ ತುದಿಯನ್ನು ಹಿಂಡಿ ಹಿಂಡಿ, ಕೊನೆಗೆ ಎದ್ದು ಬಂದಳು. "ಎಡಗಣ್ಣಿಗೆ ಹಾಕಿ ಡಾಕ್ಟ್ರಮ್ಮ. ಬಲಗಣ್ಣು ಕೆಲಸಕ್ಕೆ ಬೇಕು."

"ಬೇಡ ಮಗಳೇ," ಎಂದರು ಯಜಮಾನರು.

ಆ ಒಂದು ಮಾತಿಗೆ ಮಗಳು ದಡಕ್ಕನೆ ಎದ್ದಳು. "ಮಗಳು ನಾನು! ಅಪ್ಪನಿಗೋಸ್ಕರ ಕಣ್ಣು ಕೊಡೋದಾದ್ರೆ ನಾನು ಕೊಡ್ತೀನಿ. ಇವಳ್ಯಾರು?" ಬಾಟಲಿಯನ್ನು ಕಿತ್ತುಕೊಂಡು, ಕಪ್ಪು ಕನ್ನಡಕ ತೆಗೆದೆಸೆದು, ತಲೆ ಹಿಂದಕ್ಕೆ ವಾಲಿಸಿದಳು. ಕೈ ಒಂಚೂರೂ ನಡುಗಲಿಲ್ಲ.

ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು. "ಸಾಕಮ್ಮ. ಹನಿ ಬೇಕಾಗಿಲ್ಲ. ಎಲ್ಲರೂ ಇವಳ ಎಡಗಣ್ಣು ನೋಡಿ."

ಎಡಗಣ್ಣಿನ ಪಾಪೆ ತಂದೆಯ ಬಲಗಣ್ಣಿನ ಹಾಗೆಯೇ ಕಪ್ಪಗೆ, ಅಗಲವಾಗಿ ತೆರೆದಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಕಳ್ಳ ಹೆಗಲು ಮುಟ್ಟಿ ನೋಡ್ಕೋತಾನೆ ಅಂತಾರೆ," ಎಂದಳು ದೊಡ್ಡಮ್ಮ. "ಇಲ್ಲಿ ಉಲ್ಟಾ. ಕಳ್ಳರಲ್ಲದವರೆಲ್ಲ ಹೆಗಲು ಮುಟ್ಟಿಕೊಂಡ್ರು. ಈ ಬಾಟಲಿಯಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದವಳು ನೀನೊಬ್ಬಳೇ. ಅವತ್ತು ತಳ ಹಿಂಡಿದ ಬಾಟಲಿ ಈಗ ತುಂಬಿದ್ದು ಹೇಗೆ? ಕನ್ನಡಕದ ನೆಪದಲ್ಲಿ ಬಂದು ಹೊಸದನ್ನ ಇಟ್ಟು ಹೋದೆ. ಚಿಮಟಣ್ಣ ಇಟ್ಟಿದ್ರೆ ಹಳೇದು ಖಾಲಿಯಾಗಿತ್ತು ಅಂತ ತಾನೇ ಬಾಯಿಬಿಡ್ತಿರಲಿಲ್ಲ. ಸೊಸೆಗೆ ಒಳಗೆ ಬರೋಕೇ ಬಿಟ್ಟಿರಲಿಲ್ಲ. ಇನ್ನು ಕಣ್ಣುಬೇನೆಗೆ ಅಂತ ಡಾಕ್ಟರು ಕೊಟ್ಟ ಆ ಮದ್ದು ಯಾರ ಮನೇಲಿತ್ತು ಅಂತ ನಿನ್ನ ಕಣ್ಣೇ ಹೇಳ್ತಿದೆ."

ಮಗಳು ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳು.

"ನನಗೆ ಹಾಕಿದಾಗ ಬರೀ ಮಂಜಾಗಿತ್ತು," ಎಂದಳು ಮಗಳು ನೆಲ ನೋಡುತ್ತ. "ಅಪ್ಪನಿಗೂ ಅಷ್ಟೇ ಆಗುತ್ತೆ ಅಂದ್ಕೊಂಡು ನನ್ನ ಹನಿಯನ್ನ ಮೇಜಿನ ಮೇಲಿದ್ದ ಬಾಟಲಿಗೆ ಸುರಿದೆ. ಕಣ್ಣು ಕಾಣದಿದ್ರೆ ಮೇಜಿಗೆ ಕೂರಲ್ಲ, ಅವಳಿಗೆ ಕಲಿಸಲ್ಲ. ಅಷ್ಟೇ ಬೇಕಿತ್ತು ನನಗೆ. ದಾರೀಲಿ ಹೋಗ್ತಾ ಕಿಟಕಿಯಲ್ಲಿ ದಿನಾ ಕಾಣೋದು, ಎರಡು ತಲೆ ಒಂದೇ ದೀಪದ ಕೆಳಗೆ. ಹುಚ್ಚು ಹಿಡಿಯುತ್ತೆ ಅಂತ ಗೊತ್ತಿರ್ಲಿಲ್ಲ ಅಪ್ಪ."

"ಗೊತ್ತಿರಲಿಲ್ಲ, ಒಪ್ಪಿದೆ," ಎಂದಳು ದೊಡ್ಡಮ್ಮ. "ಆದ್ರೆ ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಕೆರ್ಕೋತಿದ್ದಾಗ ಒಂದು ಮಾತು ಹೇಳಬಹುದಿತ್ತು. ಹೇಳ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದೆ." ಸೊಸೆಯ ಕಡೆ ತಿರುಗಿದಳು. "ಬರೆ ಬಿದ್ದದ್ದು ನಿನಗೆ. ಪೊಲೀಸ್ ಕರೀಲಾ? ನೀನೇ ಹೇಳು."

ಸೊಸೆ ಮಗಳ ಮುಂದೆ ಬಂದು ನಿಂತಳು. "ಅತ್ತಿಗೆ," ಎಂದಳು. "ಮಾವ ಗಾಳಿಯಲ್ಲಿ ಸ್ಕ್ರೂ ಹೆಕ್ಕುವಾಗ ನಾನು ಪಕ್ಕದಲ್ಲೇ ಇದ್ದೆ. ನನ್ನ ಕೈಗೆ ಕೊಡ್ಲಿಲ್ಲ. ಮೊಣಕಾಲ ಹತ್ರ ಬಗ್ಗಿ, ಸಣ್ಣ ಮಗೂಗೆ ಕೊಡೋ ಹಾಗೆ, 'ಹಿಡ್ಕೋ ಪುಟ್ಟಿ, ಬೀಳಿಸ್ಬೇಡ' ಅಂದ್ರು. ಮತ್ತೆ ಮತ್ತೆ ಅದೇ ಅಂದ್ರು."

ಮಗಳು ತಲೆ ಎತ್ತಿದಳು.

"ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ದೊಡ್ಡಮ್ಮ ಕೇಳಿದಳು.

"ನನಗೂ ಹೊಟ್ಟೆ ಉರೀತು, ಡಾಕ್ಟ್ರಮ್ಮ."

ಯಜಮಾನರು ತಮ್ಮ ಖಾಲಿ ಬೆರಳುಗಳನ್ನು ನೋಡಿಕೊಂಡರು. "ನಾನು ಹಾಗಂದ್ನಾ? ಅದು ಮದ್ದಿನ ಮಾತಾ, ನನ್ನ ಮಾತಾ?"

"ಮದ್ದು ಸತ್ಯ ಹೇಳಿಸೋದಿಲ್ಲ ಯಜಮಾನ್ರೇ, ಒಳಗಿನ ಸಾಮಾನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತೆ ಅಷ್ಟೇ. ಆದ್ರೆ ಒಳಗಿಲ್ಲದ್ದನ್ನ ಎಲ್ಲಿಂದ ಚೆಲ್ಲುತ್ತೆ?"

ಪೊಲೀಸರನ್ನು ಕರೆಯಲಿಲ್ಲ. ಸಂಜೆ ಸೊಸೆಯ ಗಂಡ ಬಂದಾಗ ನಡೆದದ್ದನ್ನು ಮಗಳು ತನ್ನ ಬಾಯಲ್ಲೇ ಹೇಳಬೇಕು, ಆಸ್ಪತ್ರೆಯ ಡಾಕ್ಟರಿಗೂ ಹೇಳಬೇಕು ಎಂದಾಯಿತು. ಸೊಸೆ ಕೈಚೀಲವನ್ನು ತಾನೇ ಎತ್ತಿ ಮೇಲಕ್ಕೆ ಒಯ್ದಳು. ನಾವು ಹೊರಡುವಾಗ ಯಜಮಾನರು, "ಪುಟ್ಟಿ, ಅಲ್ಲೇನು ನಿಂತಿದೀಯ? ನನಗೆ ಕಣ್ಣು ಇನ್ನೂ ಮಂಜು. ಈ ತಟ್ಟೇಲಿರೋ ಸ್ಕ್ರೂ ಬೇರೆ ಬೇರೆ ಮಾಡು," ಎಂದರು. ದನಿಯಲ್ಲಿ ಕೋಪ ಇನ್ನೂ ಇತ್ತು. ಅವಳು ಕುರ್ಚಿಯನ್ನು ಮುಟ್ಟದೆ, ಅವರ ಮೊಣಕಾಲ ಬಳಿ ನೆಲದ ಮೇಲೆ ಕುಳಿತಳು.

ದಾರಿಯಲ್ಲಿ ನಾನು ಕೇಳಿದೆ. "ನಿನಗೆ ಮಗಳ ಮೇಲೆ ಯಾವಾಗ ಅನುಮಾನ ಬಂತು?"

"ಕತ್ತಲೆ ಕೋಣೆಯಲ್ಲಿ ಕಪ್ಪು ಕನ್ನಡಕ ನೋಡಿದಾಗ. ಆದ್ರೆ ಅದನ್ನ ಅವಳೇ ತೆಗೆದು ಎಸೀತಾಳೆ ಅಂತ ಗೊತ್ತಾಗಿದ್ದು ನಿನ್ನ ಮುಖ ನೋಡಿ. ಬೇರೆಯವಳನ್ನ ಹೊಗಳಿದ್ರೆ ಸಾಕು, ಮುಚ್ಚಿಟ್ಟದ್ದೆಲ್ಲ ಹೊರಗೆ." ದೊಡ್ಡಮ್ಮ ನಕ್ಕು ನನ್ನ ತೋಳು ಹಿಡಿದಳು. "ಬಾಟಲಿ ತುಂಬಿದೆ ಅಂತ ಮೊದಲು ಕಂಡವಳು ಯಾರು ಅಂತ ಡೈರೀಲಿ ಬರ್ಕೋ. ದೊಡ್ಡ ಅಕ್ಷರದಲ್ಲಿ."

ಮನೆಯ ಬಾಗಿಲು ತೆರೆದಾಗ ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅದು ನಿಂತುಹೋಗಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಬಟ್ಟೆ ತಂದು, ಅದು ಓರೆಯಾಗದ ಹಾಗೆ ಹುಷಾರಾಗಿ, ದೂಳು ಒರೆಸಿದೆ.